ಮಳೆ ಬರುವ ತನಕ ಗಾಳ ಕೆಳಗಿಡಿ

ನಿಮ್ಮ ಪತ್ರ ಎರಡು ಸಲ ಓದಿದೆ. ಕ್ಯಾಲಿಫೋರ್ನಿಯಾದ ಸಾಂಟಾ ರೋಸಾಕ್ಕೆ ನೀವು ಬಂದು ಎರಡೂವರೆ ತಿಂಗಳಾಗಿದೆ. ತೀರ್ಥಹಳ್ಳಿ ಕಡೆಯವರು, ತುಂಗೆಯಲ್ಲಿ ಗಾಳ ಹಾಕುತ್ತಾ ಬೆಳೆದವರು. ಇಲ್ಲಿ ಹೊಸ ಗಾಳ ಕೊಂಡು, ಲೈಸೆನ್ಸ್ ಮಾಡಿಸಿ, ನವೆಂಬರ್ ಮೊದಲ ಭಾನುವಾರ ಗರ್ನ್‌ವಿಲ್ ಹತ್ತಿರ ರಷ್ಯನ್ ನದಿಗೆ ಹೋಗಿದ್ದೀರಿ. ನಾಯಿ ಕರೆದುಕೊಂಡು ಬಂದ ಮುದುಕರೊಬ್ಬರು ‘ನದಿ ಕ್ಲೋಸ್ ಆಗಿದೆ, ಗೊತ್ತಿಲ್ವಾ?’ ಅಂದರಂತೆ. ಬೇಲಿ ಇಲ್ಲ, ಗೇಟಿಲ್ಲ, ನೀರು ಕಣ್ಣೆದುರೇ ಹರಿಯುತ್ತಿದೆ. ‘ಹರಿಯೋ ನದಿಯನ್ನ ಮುಚ್ಚೋದು ಅಂದ್ರೇನು? ನಮ್ಮ ಮುಖ ನೋಡಿ ಹೇಳಿದರಾ? ಇಲ್ಲಿ ಪ್ರತಿಯೊಂದಕ್ಕೂ ಹೀಗೇನಾ?’ ಅಂತ ಕೇಳಿದ್ದೀರಿ.

ಮುಖ ನೋಡಿ ಹೇಳಿದರಾ ಇಲ್ಲವಾ ಅಂತ ನಾನು ಹೇಳಲಾರೆ, ನಾನು ಅಲ್ಲಿರಲಿಲ್ಲ. ಹೇಳಿದ ರೀತಿ ಒರಟಾಗಿದ್ದರೆ ಬೇಜಾರಾಗುವುದು ಸಹಜ. ಆದರೆ ಅವರು ಹೇಳಿದ ಮಾತು ನಿಜ. ಆ ದಿನ ನದಿ ಎಲ್ಲರಿಗೂ ಮುಚ್ಚಿತ್ತು. ಅಲ್ಲೇ ಹುಟ್ಟಿ ಬೆಳೆದವರಿಗೂ.

ನಾನು ಕೊಪ್ಪದವನು. ಇಲ್ಲಿಗೆ ಬಂದು 19 ವರ್ಷ. ನಿಮ್ಮ ಪ್ರಶ್ನೆಗೆ ನಮ್ಮೂರಿಂದಲೇ ಶುರು ಮಾಡುತ್ತೇನೆ, ಯಾಕಂದರೆ ನಿಮಗೆ ಅರ್ಧ ಉತ್ತರ ಆಗಲೇ ಗೊತ್ತಿದೆ. ಮೃಗಶಿರ, ಆರಿದ್ರಾ ಮಳೆ ಹಿಡಿದ ಕೂಡಲೇ ಮಲೆನಾಡಿನಲ್ಲಿ ಹತ್ತುಮೀನು ಏರುತ್ತದಲ್ಲ? ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ, ಕೆಂಪು ನೀರಿಗೆ ಎದುರಾಗಿ. ಹೊಟ್ಟೆ ತುಂಬ ಮೊಟ್ಟೆ. ರಾತ್ರಿ ಟಾರ್ಚ್ ಹಿಡಿದು, ಕೂಣಿ ಅನ್ನುವ ಮೀನಿನ ಬೋನು ಇಟ್ಟು ಹಿಡಿಯುತ್ತಿದ್ದೆವು. ಮಳೆ ಬಂದರೆ ಮೀನು ಬಂತು, ಅಷ್ಟೇ ಲೆಕ್ಕ.

ಇಲ್ಲಿಯೂ ಅದೇ ಲೆಕ್ಕ, ತಿಂಗಳು ಮಾತ್ರ ತಿರುಗುಮುರುಗು. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆ ಒಣಗು, ಮಳೆಯೆಲ್ಲಾ ಅಕ್ಟೋಬರ್‌ನಿಂದ ಏಪ್ರಿಲ್ ಒಳಗೆ. ಸಾಲ್ಮನ್ ಅನ್ನುವ ಮೀನು ಹೊಳೆಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಮೂರು ನಾಲ್ಕು ವರ್ಷಕ್ಕೆ ತಾನು ಹುಟ್ಟಿದ ಹಳ್ಳದ ವಾಸನೆ ಹಿಡಿದು ವಾಪಸ್ ಬರುತ್ತದೆ. ರಷ್ಯನ್ ನದಿಗೆ ಸಾಲ್ಮನ್‌ನಲ್ಲಿ ಚಿನೂಕ್ ಅನ್ನುವ ಜಾತಿ ಮೊದಲು ಬರುತ್ತದೆ, ಸೆಪ್ಟೆಂಬರ್ ಕೊನೆಯಿಂದಲೇ. ಆಮೇಲೆ ಇನ್ನೊಂದು ಜಾತಿ ಕೋಹೊ, ಅದರ ಹಿಂದೆ ಅದೇ ಕುಲದ ಸ್ಟೀಲ್‌ಹೆಡ್ ಮೀನು. ಚಿನೂಕ್, ಕೋಹೊ ಎರಡೂ ಮೊಟ್ಟೆಯಿಟ್ಟು ಸಾಯುತ್ತವೆ. ಹೊಳೆಗೆ ಬಂದ ಮೇಲೆ ಅವು ಏನನ್ನೂ ತಿನ್ನುವುದಿಲ್ಲ. ಕಡಲಲ್ಲಿ ಕೂಡಿಟ್ಟ ಕೊಬ್ಬಿನಲ್ಲೇ ಇಡೀ ಪ್ರಯಾಣ ಮುಗಿಸಬೇಕು.

ಈಗ ಮಳೆ ತಡವಾಯಿತು ಅಂದುಕೊಳ್ಳಿ. ಮೀನು ಅಳಿವೆ ದಾಟಿ ಬಂದಿದೆ, ಮುಂದೆ ಏರಲು ನೀರಿಲ್ಲ. ಜಲ್ಲಿಕಲ್ಲಿನ ಮೇಲೆ ನೀರು ಗೇಣುದ್ದವೂ ಇಲ್ಲ. ಹಾಗಾಗಿ ಎಲ್ಲಾ ಮೀನು ಒಂದೊಂದು ಮಡುವಿನಲ್ಲಿ ಬಂದು ನಿಲ್ಲುತ್ತವೆ. ನೀರು ತಿಳಿ, ಮೇಲಿನಿಂದ ಒಂದೊಂದನ್ನೂ ಎಣಿಸಬಹುದು. ನೀರು ಕಮ್ಮಿ ಇದ್ದರೆ ಬೇಗ ಬಿಸಿಯಾಗುತ್ತದೆ, ಬಿಸಿ ನೀರಿನಲ್ಲಿ ಆಮ್ಲಜನಕ ಕಮ್ಮಿ. ಅಂಥ ಮೀನಿಗೆ ಗಾಳ ಸಿಕ್ಕಿಸಿ, ಹತ್ತು ನಿಮಿಷ ಎಳೆದಾಡಿಸಿ, ವಾಪಸ್ ಬಿಟ್ಟರೂ ಅದು ಉಳಿಯುವ ಭರವಸೆ ಇಲ್ಲ. ಬಾಯಿಗೆ ಕಚ್ಚದಿದ್ದರೆ ಹೊಟ್ಟೆಗೋ ಬೆನ್ನಿಗೋ ಕೊಕ್ಕೆ ಸಿಕ್ಕಿಸಿ ಎಳೆಯುವವರೂ ಇದ್ದಾರೆ. ಅದಕ್ಕೇ ನದಿ ಮುಚ್ಚುವುದು. ಬಾವಿಯಲ್ಲಿ ಸಿಕ್ಕಿಕೊಂಡ ಪ್ರಾಣಿಗೆ ಕಲ್ಲು ಹೊಡೆಯಬಾರದು ಅಲ್ವಾ, ಅಷ್ಟು ಸರಳ.

ಮುಚ್ಚುವುದು ಹೇಗೆ ಅನ್ನುವುದು ನಿಮಗೆ ಖಂಡಿತ ಇಷ್ಟವಾಗುತ್ತದೆ. ನಮ್ಮ ಪೇಪರಿನಲ್ಲಿ ಕೆಆರ್‌ಎಸ್ ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಕ್ಯೂಸೆಕ್ ಅಂತ ದಿನಾ ಬರುತ್ತಿತ್ತಲ್ಲ? ಅದೇ ಕ್ಯೂಸೆಕ್ ಇಲ್ಲಿಯೂ. ಗರ್ನ್‌ವಿಲ್‌ಗಿಂತ ಸ್ವಲ್ಪ ಮೇಲೆ ಹಸಿಯೆಂಡಾ ಸೇತುವೆಯ ಹತ್ತಿರ ನೀರಿನ ಮಾಪಕ ಇದೆ. ಮಳೆಗಾಲದ ಆ ತಿಂಗಳುಗಳಲ್ಲಿ ಅಲ್ಲಿ ಹರಿವು 300 ಕ್ಯೂಸೆಕ್‌ಗಿಂತ ಕೆಳಗಿದ್ದರೆ ನದಿಯಲ್ಲಿ ಮೀನು ಹಿಡಿಯುವ ಹಾಗಿಲ್ಲ. 300 ಅಂದರೆ ಸೆಕೆಂಡಿಗೆ ಸುಮಾರು 8,500 ಲೀಟರ್. ಕಾವೇರಿಗೆ ಮಳೆಗಾಲದಲ್ಲಿ ಲಕ್ಷ ಕ್ಯೂಸೆಕ್ ಬಿಟ್ಟ ಸುದ್ದಿ ಕೇಳಿ ಬೆಳೆದ ನಮಗೆ ಇದು ಕಾಲುವೆ ನೀರು. ಆದರೆ ಮೀನಿಗೆ ದಾರಿ ಬಿಡಿಸಿಕೊಡುವ ನೀರು ಅದೇ. ಪ್ರತಿ ಹೊಳೆಗೂ ಬೇರೆ ಬೇರೆ ಅಂಕಿ. ಉತ್ತರಕ್ಕೆ ಈಲ್ ನದಿಗೆ ಸ್ಕೋಷಿಯಾ ಊರಿನ ಹತ್ತಿರ 350, ಪಕ್ಕದ ಒರೆಗಾನ್ ರಾಜ್ಯದ ಗಡಿಯ ಸ್ಮಿತ್ ನದಿಗೆ 600.

ಮಲ್ಪೆ, ಮಂಗಳೂರಿನಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿ ಇಳಿಸುವ ಹಾಗಿಲ್ಲ, ಗೊತ್ತಲ್ಲ. ಅದು ಕ್ಯಾಲೆಂಡರ್ ನೋಡಿ ಮಾಡುವ ನಿಷೇಧ. ಇದು ನೀರು ನೋಡಿ ಮಾಡುವುದು. ಸೋಮವಾರ ಮುಚ್ಚಿದ್ದ ನದಿ ಬುಧವಾರದ ಮಳೆಗೆ ತೆರೆಯಬಹುದು, ಹತ್ತು ದಿನ ಬಿಸಿಲು ಹೊಡೆದರೆ ಮತ್ತೆ ಮುಚ್ಚಬಹುದು. ಅದಕ್ಕೇ ನಿಮಗೆ ಗೇಟು, ಬೋರ್ಡು ಕಾಣಲಿಲ್ಲ. ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆ ಫೋನಿನಲ್ಲಿ ರೆಕಾರ್ಡ್ ಮಾಡಿದ ಸಂದೇಶ ಇಟ್ಟಿರುತ್ತದೆ. ಸೋಮವಾರ, ಬುಧವಾರ, ಶುಕ್ರವಾರ ಅದನ್ನು ಹೊಸದು ಮಾಡುತ್ತಾರೆ. ಹೊರಡುವ ಮುಂಚೆ ಅದನ್ನು ಕೇಳಿ. ಮಾಪಕ 300 ದಾಟಿತು ಅಂತ ನೀವೇ ತೀರ್ಮಾನ ಮಾಡಿ ಇಳಿಯಬೇಡಿ, ಇಲಾಖೆ ತೆರೆದಿದೆ ಅಂದ ಮೇಲೆಯೇ ಇಳಿಯಿರಿ.

ತೆರೆದ ಮೇಲೂ ರಷ್ಯನ್ ನದಿಯಲ್ಲಿ ಸಾಲ್ಮನ್ ಹಿಡಿದು ಇಟ್ಟುಕೊಳ್ಳುವ ಹಾಗಿಲ್ಲ. ಸ್ಟೀಲ್‌ಹೆಡ್ ಇಟ್ಟುಕೊಳ್ಳಬಹುದು, ಅದೂ ಸಾಕಿ ಬಿಟ್ಟದ್ದು ಮಾತ್ರ. ಗುರುತು ಹಿಡಿಯುವುದು ಹೀಗೆ: ಬೆನ್ನಿನ ಮೇಲೆ, ಬಾಲಕ್ಕೆ ಹತ್ತಿರ, ಹೆಬ್ಬೆರಳಿನ ತುದಿಯಷ್ಟು ಒಂದು ಮೆತ್ತಗಿನ ರೆಕ್ಕೆ ಇರುತ್ತದೆ. ಸಾಕಿದ ಮರಿಗೆ ಅದನ್ನು ಕತ್ತರಿಸಿ ಬಿಟ್ಟಿರುತ್ತಾರೆ. ಆ ರೆಕ್ಕೆ ಇದೆ ಅಂದರೆ ಕಾಡುಮೀನು, ನೀರಿನಿಂದ ಮೇಲೆತ್ತದೆ ಅಲ್ಲೇ ಬಿಟ್ಟುಬಿಡಿ. ಮುಳ್ಳಿಲ್ಲದ ಕೊಕ್ಕೆ ಬೇಕು, ಸ್ಟೀಲ್‌ಹೆಡ್‌ಗೆ ಹಿಡಿದದ್ದನ್ನು ಬರೆದಿಡುವ ಬೇರೆ ಕಾರ್ಡ್ ಬೇಕು. ಇನ್ನೊಂದು ವಿಷಯ, ಈ ರಾಜ್ಯದಲ್ಲಿ ಸತತ ಆರು ತಿಂಗಳು ಇರುವ ತನಕ ಲೈಸೆನ್ಸ್ ಹೊರಗಿನವರ ದರದಲ್ಲೇ ಕೊಳ್ಳಬೇಕು. ನೀವು ಯಾವುದು ಕೊಂಡಿದ್ದೀರಿ, ಒಮ್ಮೆ ನೋಡಿಕೊಳ್ಳಿ.

ನಾನು ಇದನ್ನೆಲ್ಲ ಓದಿ ಕಲಿತವನಲ್ಲ. ಬಂದ ಮೊದಲ ಚಳಿಗಾಲ, ಡಿಸೆಂಬರ್‌ನಲ್ಲಿ, ರಷ್ಯನ್ ನದಿಗೆ ಸೇರುವ ಒಂದು ಹಳ್ಳಕ್ಕೆ ಸುಮ್ನೆ ತಿರುಗಾಡಲು ಹೋಗಿದ್ದೆ. ರಬ್ಬರ್ ಬೂಟು ಹಾಕಿಕೊಂಡು ನೀರಿನಲ್ಲಿ ನಡೆಯುತ್ತಿದ್ದೆ. ದಡದಲ್ಲಿ ಪುಸ್ತಕ ಹಿಡಿದು ಏನೋ ಬರೆದುಕೊಳ್ಳುತ್ತಿದ್ದ ಒಬ್ಬ ಹೆಂಗಸು ‘ದಯವಿಟ್ಟು ಅಲ್ಲೇ ನಿಲ್ಲಿ, ಬಂದ ದಾರಿಯಲ್ಲೇ ನಿಧಾನಕ್ಕೆ ಹಿಂದೆ ಬನ್ನಿ’ ಅಂದರು. ಆಮೇಲೆ ಪಕ್ಕಕ್ಕೆ ಕರೆದು ತೋರಿಸಿದರು. ಹಳ್ಳದ ತಳದ ಕಲ್ಲೆಲ್ಲಾ ಪಾಚಿ ಹಿಡಿದು ಕಂದು ಬಣ್ಣ. ನಡುವೆ ಒಂದು ಚಾಪೆಯಷ್ಟು ಜಾಗದಲ್ಲಿ ಮಾತ್ರ ಕಲ್ಲು ತೊಳೆದಿಟ್ಟ ಹಾಗೆ ಬೆಳ್ಳಗೆ. ಹೆಣ್ಣು ಕೋಹೊ ಪಕ್ಕಕ್ಕೆ ಮಲಗಿ ಬಾಲದಿಂದ ಜಲ್ಲಿ ಎಬ್ಬಿಸಿ, ಗುಂಡಿ ಮಾಡಿ, ಮೊಟ್ಟೆಯಿಟ್ಟು, ಮತ್ತೆ ಜಲ್ಲಿ ಮುಚ್ಚಿದ ಜಾಗ. ನಾನು ಅದರ ಅಂಚಿನಲ್ಲಿ ನಿಂತಿದ್ದೆ. ಇನ್ನೆರಡು ಹೆಜ್ಜೆ ಇಟ್ಟಿದ್ದರೆ ನನ್ನ ಬೂಟಿನ ಅಡಿಯಲ್ಲಿ ಎಷ್ಟು ಮೊಟ್ಟೆ ಒಡೆಯುತ್ತಿದ್ದವೋ.

ತಾಯಿಮೀನು ಇನ್ನೂ ಅಲ್ಲೇ ಇತ್ತು. ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದ. ಜಲ್ಲಿ ಕೆದಕಿ ಕೆದಕಿ ಬಾಲದ ಚರ್ಮ ಸವೆದು ಬಿಳಿಯಾಗಿತ್ತು. ನೀರಿನಲ್ಲಿ ಒಂದೇ ಕಡೆ ನಿಂತು ಬಾಲ ಆಡಿಸುತ್ತಾ ಗುಂಡಿ ಕಾಯುತ್ತಿತ್ತು. ಇನ್ನು ಕೆಲವೇ ದಿನ ಬದುಕುತ್ತದೆ ಅಂದರು. ಕಾಲು ಮರಗಟ್ಟಿದ್ದರೂ ನಾನು ಅಲ್ಲಿಂದ ಅರ್ಧ ಗಂಟೆ ಕದಲಲಿಲ್ಲ. ಹತ್ತುಮೀನು ಹಿಡಿಯುತ್ತಿದ್ದ ರಾತ್ರಿಗಳು ನೆನಪಾದವು. ನಾವು ಒಂದನ್ನಾದರೂ ಹೀಗೆ ನಿಂತು ನೋಡಿದ್ದೆವಾ?

ಈ ನದಿಯ ಕೋಹೊ ಕಥೆ ಕೇಳಿದರೆ ನಿಮಗೆ ಆ ಮುದುಕರ ಮಾತು ಬೇರೆ ಥರ ಕೇಳಿಸಬಹುದು. 2000ರ ಸುಮಾರಿಗೆ ಇಲ್ಲಿಗೆ ವಾಪಸ್ ಬರುತ್ತಿದ್ದ ಕೋಹೊ ಬೆರಳೆಣಿಕೆಯಷ್ಟು. 2001ರಲ್ಲಿ ಉಳಿದ ಕಾಡುಮರಿಗಳನ್ನು ಹಿಡಿದು, ಲೇಕ್ ಸೊನೋಮಾ ಪಕ್ಕದ ವಾರ್ಮ್ ಸ್ಪ್ರಿಂಗ್ಸ್ ಮೀನುಮರಿ ಕೇಂದ್ರದಲ್ಲಿ ಸಾಕಿ, ಅವುಗಳ ಮಕ್ಕಳನ್ನು 2004ರಿಂದ ಹಳ್ಳಗಳಿಗೆ ಬಿಡಲು ಶುರು ಮಾಡಿದರು. ಇವತ್ತಿಗೂ ಈ ಕರಾವಳಿಯ ಕೋಹೊ ಅಳಿವಿನ ಅಂಚಿನ ಪಟ್ಟಿಯಲ್ಲೇ ಇದೆ. ನೀರು ಕಮ್ಮಿಯಾದರೆ ಏನಾಗಬಹುದು ಅನ್ನುವುದನ್ನು ಇಲ್ಲಿನವರು ಕಣ್ಣಾರೆ ಕಂಡಿದ್ದಾರೆ. 2002ರ ಸೆಪ್ಟೆಂಬರ್‌ನಲ್ಲಿ ಉತ್ತರದ ಕ್ಲಾಮತ್ ನದಿಯಲ್ಲಿ ಕಮ್ಮಿ ನೀರು, ಬಿಸಿ ನೀರು, ಒತ್ತೊತ್ತಾಗಿ ನಿಂತ ಮೀನು. ರೋಗ ಹಬ್ಬಿ 30,000ಕ್ಕೂ ಜಾಸ್ತಿ ಮೀನು ಮೊಟ್ಟೆಯಿಡುವ ಮುಂಚೆಯೇ ಸತ್ತವು. ಆ ನದಿಯನ್ನೇ ನಂಬಿದ ಯುರೋಕ್ ಮೂಲನಿವಾಸಿ ಜನ ದಡದುದ್ದಕ್ಕೂ ಕೊಳೆತ ಮೀನು ನೋಡಿದರು. ಅದೇ ನದಿಯ ನಾಲ್ಕು ಅಣೆಕಟ್ಟುಗಳನ್ನು ತೆಗೆಯುವ ಕೆಲಸ 2024ರಲ್ಲಿ ಮುಗಿಯಿತು. ಕೆಲವೇ ವಾರಗಳಲ್ಲಿ ಚಿನೂಕ್ ಮೇಲೇರಿ ಒರೆಗಾನ್ ತನಕ ಹೋಯಿತು. ಆ ಸುದ್ದಿ ಕೇಳಿದ ದಿನ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆವು.

‘ಗಾಳದವರನ್ನು ಮಾತ್ರ ತಡೆದರೆ ಸಾಕಾ, ದ್ರಾಕ್ಷಿ ತೋಟದವರು ನೀರು ಎತ್ತುವುದಿಲ್ಲವಾ?’ ಅಂತಲೂ ಬರೆದಿದ್ದೀರಿ. ಎತ್ತುತ್ತಾರೆ. ನಾವೂ ಎತ್ತುತ್ತೇವೆ. ಸಾಂಟಾ ರೋಸಾದ ನಲ್ಲಿಯಲ್ಲಿ ಬರುವುದು ಹೆಚ್ಚಿನಂಶ ರಷ್ಯನ್ ನದಿಯ ನೀರೇ, ನೀವು ಬೆಳಗ್ಗೆ ಕಾಫಿ ಮಾಡುವುದು ಅದರಲ್ಲೇ. 2021ರ ಬರದಲ್ಲಿ ರಾಜ್ಯದ ನೀರು ಮಂಡಳಿ ಈ ಕಣಿವೆಯ ಎಷ್ಟೋ ಜನರಿಗೆ ನದಿಯಿಂದ ನೀರೆತ್ತಬೇಡಿ ಅಂತ ಆದೇಶ ಕೊಟ್ಟಿತು. ಅದು ಸಾಕಾ ಅಂದರೆ ಸಾಲದು ಅನ್ನುವುದೇ ನನ್ನ ಅಭಿಪ್ರಾಯ. ಗಾಳದವರ ಮೇಲಿನ ನಿರ್ಬಂಧ ಎಲ್ಲಕ್ಕಿಂತ ಸುಲಭದ್ದು, ಅದಕ್ಕೇ ಬೇಗ ಬರುತ್ತದೆ. ಆದರೂ ಅದು ಸುಲಭ ಅಂತ ತಪ್ಪಲ್ಲ. ಕಡಲಿನಲ್ಲೂ ಹೀಗೇ ಆಗಿದೆ. 2023, 2024, 2025 ಮೂರೂ ವರ್ಷ ಕ್ಯಾಲಿಫೋರ್ನಿಯಾದ ವ್ಯಾಪಾರಿ ಸಾಲ್ಮನ್ ದೋಣಿಗಳಿಗೆ ರಜೆ. ಅದನ್ನೇ ನಂಬಿ ಬದುಕುವ ಮನೆಗಳವು. ಬೊಡೇಗಾ ಬೇ ಬಂದರಿಗೆ ಹೋದಾಗ ಕಟ್ಟಿ ನಿಲ್ಲಿಸಿದ ದೋಣಿ ನೋಡಿದರೆ ನನಗೆ ಮಾತೇ ಹೊರಡುವುದಿಲ್ಲ.

ಶೃಂಗೇರಿಯ ತುಂಗಾ ದಡದಲ್ಲಿ ಮೀನಿಗೆ ಮಂಡಕ್ಕಿ ಹಾಕಿ ಬೆಳೆದವರಿಗೆ ‘ಇಲ್ಲಿ ಮೀನು ಹಿಡಿಯಬಾರದು’ ಅನ್ನುವ ಮಾತು ಹೊಸದಲ್ಲ. ಅಲ್ಲಿ ಯಾರೂ ನಮಗೆ ಕಾರಣ ಹೇಳಲಿಲ್ಲ, ನಾವೂ ಕೇಳಲಿಲ್ಲ. ಇಲ್ಲಿ ಕೇಳಿದರೆ ಹೇಳುತ್ತಾರೆ. ಮುಂದಿನ ಸಲ ಆ ಮುದುಕರು ಸಿಕ್ಕಿದರೆ ಈಗ ಹರಿವು ಎಷ್ಟಿದೆ ಅಂತ ಕೇಳಿ ನೋಡಿ. ನದಿ ಪಕ್ಕದ ಊರುಗಳಲ್ಲಿ ಅದೊಂದು ಪ್ರಶ್ನೆಯಿಂದ ನನಗೆ ಎಷ್ಟು ಜನ ಪರಿಚಯವಾದರು ಅಂತ ಲೆಕ್ಕ ಇಟ್ಟಿಲ್ಲ.

ಮುಂದಿನ ವಾರ ಮಳೆ ಇದೆ ಅಂತ ಹವಾಮಾನದವರು ಹೇಳುತ್ತಿದ್ದಾರೆ. ಮೊದಲ ಜೋರು ಮಳೆ ನಿಂತ ಮೂರನೇ ದಿನ ನನಗೆ ಫೋನ್ ಮಾಡಿ. ಮರಿನ್ ಕಡೆ ಲಗುನಿಟಾಸ್ ಹಳ್ಳಕ್ಕೆ ಹೋಗೋಣ, ಅಲ್ಲಿ ದಡದ ಮೇಲಿಂದಲೇ ಕೋಹೊ ಏರುವುದು ನೋಡಬಹುದು. ಗಾಳ ಮನೆಯಲ್ಲೇ ಇರಲಿ. ನೀರಿನ ಹೊಳಪು ಕತ್ತರಿಸುವ ಪೋಲರೈಸ್ಡ್ ಕನ್ನಡಕ ಒಂದು ತನ್ನಿ, ಅದಿಲ್ಲದಿದ್ದರೆ ಕಲ್ಲು ಯಾವುದು ಮೀನು ಯಾವುದು ಗೊತ್ತಾಗುವುದಿಲ್ಲ. ಬೆಳಗ್ಗೆ ಏಳಕ್ಕೆ ಹೊರಟರೆ ಸಾಕು. ಅವಲಕ್ಕಿ, ಕಾಫಿ ನಾನು ತರುತ್ತೇನೆ.