ಪಡುವಣ ಗಾಳಿಯ ದಾರಿ ಕಟ್ಟಿದಾಗ

ಪ್ರಶ್ನೆ: 2010ರ ಜುಲೈ–ಆಗಸ್ಟ್‌ನಲ್ಲಿ ಮಾಸ್ಕೋ ವಾರಗಟ್ಟಲೆ ಬಿಸಿಲಲ್ಲಿ ಬೆಂದಿತು. ಅದಕ್ಕೆ ‘ಬ್ಲಾಕಿಂಗ್’ ಕಾರಣವೆಂದು ಓದಿದೆ. ಅದನ್ನು ಗುರುತಿಸುವುದು ಹೇಗೆ? ಮೊದಲೇ ಹೇಳಲು ಬರುತ್ತದೆಯೇ?
– ಓದುಗರು, ಧಾರವಾಡ

ಉತ್ತರ: ಬ್ಲಾಕಿಂಗ್ ಎಂದರೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಪಡುವಣ ಗಾಳಿಯ ದಾರಿಗೆ ಅಡ್ಡವಾಗಿ ಹೆಚ್ಚು ಒತ್ತಡದ ವಲಯವೊಂದು ದಿನಗಟ್ಟಲೆ ನಿಂತುಬಿಡುವುದು; ನಕ್ಷೆಯಲ್ಲಿ ಅದು ಉಬ್ಬಿನಂತೆ ಕಾಣುತ್ತದೆ. ಅದನ್ನು ಗುರುತಿಸಲು ನೆಲದ ಉಷ್ಣಾಂಶ ನೋಡಿದರೆ ಸಾಲದು. 500 ಹೆಕ್ಟೊಪ್ಯಾಸ್ಕಲ್ (ಗಾಳಿಯ ಒತ್ತಡದ ಅಳತೆ) ಒತ್ತಡ ಎಷ್ಟು ಎತ್ತರದಲ್ಲಿದೆ ಎಂಬ ನಕ್ಷೆ ಬೇಕು. ಅದು ಸುಮಾರು ಐದೂವರೆ ಕಿ.ಮೀ. ಮೇಲಿನ ಮಾತು. ಉತ್ತರಾರ್ಧಗೋಳದಲ್ಲಿ ಈ ಎತ್ತರ ಧ್ರುವದ ಕಡೆಗೆ ಇಳಿಯುತ್ತಾ ಹೋಗುತ್ತದೆ, ಆ ಇಳಿಜಾರಿನಿಂದಲೇ ಪಡುವಣ ಗಾಳಿ ಬೀಸುತ್ತದೆ. ಇಳಿಜಾರು ತಿರುಗುಮುರುಗಾದರೆ ದಾರಿ ಕಟ್ಟಿತೆಂದೇ ಅರ್ಥ.

ಹವಾಮಾನ ವಿಜ್ಞಾನಿಗಳಾದ ಟಿಬಾಲ್ಡಿ ಮತ್ತು ಮೊಲ್ಟೆನಿ 1990ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಚಲಾವಣೆಯಲ್ಲಿದೆ. ಒಂದೇ ರೇಖಾಂಶದಲ್ಲಿ 40, 60, 80 ಡಿಗ್ರಿ ಅಕ್ಷಾಂಶಗಳ ಎತ್ತರ ಕ್ರಮವಾಗಿ 5800, 5860, 5500 ಮೀಟರ್ ಎಂದುಕೊಳ್ಳಿ. ದಕ್ಷಿಣದ ಇಳಿಜಾರು (5860−5800)÷20, ಅಂದರೆ ಡಿಗ್ರಿಗೆ +3 ಮೀಟರ್. ಉತ್ತರದ್ದು (5500−5860)÷20, ಅಂದರೆ −18. ಮೊದಲನೆಯದು ಸೊನ್ನೆಗಿಂತ ಹೆಚ್ಚು, ಎರಡನೆಯದು −10ಕ್ಕಿಂತ ಕಡಿಮೆ ಇರಬೇಕು. ಇಲ್ಲಿ ಎರಡೂ ಸರಿಹೊಂದಿದವು. ಎರಡನೇ ಷರತ್ತನ್ನು ಕೈಬಿಟ್ಟರೆ ದಕ್ಷಿಣಕ್ಕೆ ಜಾರಿಬಿದ್ದ ಒಂಟಿ ವಾಯುಭಾರ ಕುಸಿತವೂ ಬ್ಲಾಕಿಂಗ್ ಎಂದು ಎಣಿಕೆಗೆ ಬಂದುಬಿಡುತ್ತದೆ. 60 ಡಿಗ್ರಿಗೇ ಅಂಟಿಕೊಂಡರೂ ಕೆಲವು ತಪ್ಪಿಹೋಗುತ್ತವೆ. ನಾಲ್ಕೈದು ಡಿಗ್ರಿ ಆಚೀಚೆ ಸರಿಸಿಯೂ ನೋಡಬೇಕು. ಅಕ್ಕಪಕ್ಕದ ರೇಖಾಂಶಗಳಲ್ಲೂ ಇದೇ ಕಂಡು, ಸುಮಾರು 5 ದಿನವಾದರೂ ನಿಂತರೆ ಮಾತ್ರ ನಂಬಿಕೆ.

ಮುನ್ಸೂಚನೆಗೂ ಇದೇ ಲೆಕ್ಕ. ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರದ ಕಂಪ್ಯೂಟರ್ ಮಾದರಿ ಆರಂಭದ ಸ್ಥಿತಿಯನ್ನು ತುಸು ತುಸು ಬದಲಿಸಿ 51 ಸಲ ಓಡುತ್ತದೆ. ಅದರಲ್ಲಿ 30 ಓಟಗಳಲ್ಲಿ ಷರತ್ತು ಹೊಂದಿದರೆ ಸಾಧ್ಯತೆ ಸುಮಾರು ಶೇ. 59. ಎಲ್ಲವುಗಳ ಸರಾಸರಿ ನಕ್ಷೆ ನೋಡಿ ತೀರ್ಮಾನಿಸುವವರು ಇಲ್ಲೇ ಎಡವುತ್ತಾರೆ: ಅರ್ಧ ಓಟಗಳು ಉಬ್ಬನ್ನು 20 ಡಿಗ್ರಿ ಪೂರ್ವಕ್ಕೆ ತೋರಿಸಿದರೆ, ಸರಾಸರಿಯಲ್ಲಿ ಉಬ್ಬೇ ಮಾಯ!

ಕಷ್ಟವಿರುವುದು ಹುಟ್ಟನ್ನು ಹಿಡಿಯುವುದರಲ್ಲಿ. ಅಟ್ಲಾಂಟಿಕ್ ಚಂಡಮಾರುತಗಳಲ್ಲಿ ಮೇಲೇರುವ ತೇವದ ಗಾಳಿ ಮೋಡವಾಗುವಾಗ ಬಿಡುವ ಶಾಖ ಈ ಉಬ್ಬನ್ನು ಬೆಳೆಸುತ್ತದೆ. ಮೋಡದ ಲೆಕ್ಕ ತಪ್ಪಿದರೆ ಉಬ್ಬೂ ಸಣ್ಣದಾಗಿ ಬರುತ್ತದೆ. ಯುರೋಪಿನ ಬ್ಲಾಕಿಂಗ್ ಎಷ್ಟು ಸಲ ಆಗುತ್ತದೆಂಬುದನ್ನು ಮಾದರಿಗಳು ಬಹುಕಾಲದಿಂದ ಕಡಿಮೆ ಎಣಿಸುತ್ತಾ ಬಂದಿವೆ. ವಾರ ದಾಟಿದ ಮೇಲೆ ‘ಇಂಥ ದಿನವೇ ಶುರು’ ಎಂದರೆ ನಾನಂತೂ ಒಪ್ಪುವುದಿಲ್ಲ.

ಪ್ರಶ್ನೆ: ನಮ್ಮ ಮಳೆಗೂ ಇದಕ್ಕೂ ನಂಟಿದೆಯೇ?
– ಓದುಗರು, ಶಿರಸಿ

ಉತ್ತರ: ಉಪಖಂಡದ ವಾಯವ್ಯಕ್ಕೆ ಇದೆ. 2010ರಲ್ಲಿ ರಷ್ಯಾದ ಉಬ್ಬಿನ ಪೂರ್ವ ಅಂಚಿನಿಂದ ಇಳಿದ ತಗ್ಗು (ಕಡಿಮೆ ಒತ್ತಡದ ಪಟ್ಟಿ) ಉತ್ತರ ಪಾಕಿಸ್ತಾನದಲ್ಲಿ ಮುಂಗಾರಿನ ತೇವವನ್ನು ಕೂಡಿ ಮಹಾಪ್ರವಾಹ ತಂದಿತು. ಶಿರಸಿಯ ನಾಳಿನ ಮಳೆಗೆ ಅರಬ್ಬೀ ಸಮುದ್ರದ ನಕ್ಷೆ ನೋಡಿ.