ಫ್ಯಾಂಟೊಮಾಸ್ ಎಲ್ಲಿಂದ ಶುರು ಮಾಡೋದು?

ಥ್ರ್ಯಾಶ್ (ಅತಿ ವೇಗದ ಮೆಟಲ್) ಬ್ಯಾಂಡ್ ಸ್ಲೇಯರ್‌ನಲ್ಲಿ ಡೇವ್ ಲೊಂಬಾರ್ಡೊ ಡ್ರಮ್ಸ್ ಇಷ್ಟ, ಆದರೆ ಅವರೇ ಡ್ರಮ್ಸ್ ನುಡಿಸಿದ ಇನ್ನೊಂದು ಬ್ಯಾಂಡ್ ಫ್ಯಾಂಟೊಮಾಸ್‌ನ ಮೊದಲ ಆಲ್ಬಂ ತಲೆ ಕೆಡಿಸಿತು, ಮುಂದೆ ಕೇಳಬೇಕಾ ಬೇಡವಾ ಅಂದಿದ್ದೀರಿ. ಕೇಳಿ, ಆದರೆ ಆ 1999ರ ಆಲ್ಬಂ ಸದ್ಯಕ್ಕೆ ಪಕ್ಕಕ್ಕಿಡಿ. ಅದರಲ್ಲಿ ಹಾಡು ಅನ್ನೋದೇ ಇಲ್ಲ. ಕಾಮಿಕ್ ಪುಸ್ತಕದ ಪುಟಗಳ ಲೆಕ್ಕದಲ್ಲಿ 30 ತುಣುಕು, ಗಾಯಕ ಮೈಕ್ ಪ್ಯಾಟನ್ ಬಾಯಲ್ಲಿ ಸಾಹಿತ್ಯದ ಬದಲು ಕಿರುಚಾಟ, ಗೊಣಗಾಟ.

2001ರ 'ದಿ ಡೈರೆಕ್ಟರ್ಸ್ ಕಟ್' ಹಾಕಿ. ಸಿನಿಮಾ ಥೀಮ್‌ಗಳನ್ನೇ ಮತ್ತೆ ನುಡಿಸಿದ್ದಾರೆ, ಹಾಗಾಗಿ ಹಿಡಿದುಕೊಳ್ಳೋಕೆ ಒಂದು ಟ್ಯೂನ್ ಸಿಗುತ್ತೆ. 'ದಿ ಗಾಡ್‌ಫಾದರ್'ನ ಆ ಪರಿಚಿತ ರಾಗ ಮೆಲ್ಲಗಿರೋದು, ಥ್ರ್ಯಾಶ್ ವೇಗಕ್ಕೆ ಜಿಗಿಯೋದು ಎರಡೂ ಅಲ್ಲೇ ಇದೆ. ಡಬಲ್ ಬಾಸ್ (ಎರಡೂ ಕಾಲಲ್ಲಿ ಬಾಸ್ ಡ್ರಮ್ ಬಾರಿಸೋದು) ಹುಡುಕ್ತಾ ಕೂರಬೇಡಿ. ಲೊಂಬಾರ್ಡೊ ಗಕ್ಕನೆ ನಿಲ್ಲಿಸೋದನ್ನ ಗಮನಿಸಿ. ಗಿಟಾರ್, ಬಾಸ್, ದನಿ ಎಲ್ಲಾ ಒಂದೇ ಬಿಂದುವಲ್ಲಿ ಕಡಿದು, ಮರುಕ್ಷಣ ಬೇರೆ ತಾಳ. ಸ್ಲೇಯರ್‌ನಲ್ಲಿ ಈ ಕೆಲಸಕ್ಕೆ ಜಾಗವೇ ಇರಲಿಲ್ಲ, ನನ್ನ ಮಟ್ಟಿಗೆ ಅವರ ನಿಜವಾದ ಕೈಚಳಕ ಇದೇ.

2004ರ 'ಡೆಲಿರಿಯಂ ಕಾರ್ಡಿಯಾ' ಕೊನೆಗಿರಲಿ. ಒಂದೇ ಟ್ರ್ಯಾಕ್, ಒಂದು ಗಂಟೆಗೂ ಮೇಲೆ, ಡ್ರಮ್ಸ್ ಅಪರೂಪ. ಇಷ್ಟೆಲ್ಲಾ ಕಸರತ್ತು ಬೇಡ, ಗ್ರೂವ್ (ತಲೆದೂಗಿಸೋ ಲಯ) ಸಾಕು ಅನ್ನಿಸಿದರೆ ಲೊಂಬಾರ್ಡೊ ಆಗ ನುಡಿಸುತ್ತಿದ್ದ ಮೂವರ ಬ್ಯಾಂಡ್ ಫಿಲ್ಮ್ (Philm) ಇದೆ. 2012ರ 'ಹಾರ್ಮೋನಿಕ್' ಕೇಳಿ ನೋಡಿ.