ಮೊದ್ಲು ಕುಡಿತ ಬಿಡಿಸ್ಬೇಕಾ, ಮೊದ್ಲು ತಲೆಗೆ ಔಷಧ ಕೊಡಿಸ್ಬೇಕಾ?

ಪ್ರಶ್ನೆ: ನಮ್ದು ಗಂಗಾವತಿ ಹತ್ರ ಹಳ್ಳಿ ರೀ, ರೈಸ್ ಮಿಲ್‌ನಾಗ ಕೆಲ್ಸ ಮಾಡ್ತೀನಿ. ತಮ್ಮ ಟ್ರ್ಯಾಕ್ಟರ್ ಓಡಸ್ತಿದ್ದ. ವೈನ್ ಶಾಪ್ ಮುಂದ ಹೊಡೆದಾಟ ಆಗಿ ಕೇಸ್ ಆಯ್ತು, ಕೋರ್ಟ್‌ನೋರು ಜೈಲಿಗೆ ಹಾಕ್ಲಿಲ್ಲ, ಎರಡು ವರ್ಷದ ಬಾಂಡ್ ಬರೆಸ್ಕೊಂಡು ಪ್ರೊಬೇಷನ್ ಮ್ಯಾಲ ಬಿಟ್ಟಾರ, ಕುಡೀಬಾರ್ದು ಅಂತ ಕಂಡೀಷನ್ ಐತಿ. ಈಗ ಮತ್ತ ದಿನಾ ಕುಡೀತಾನ. ಯಾರೋ ಬೈತಾರ, ಕೊಲ್ಲಾಕ ಬರ್ತಾರ ಅಂತ ರಾತ್ರಿಯೆಲ್ಲಾ ಬಾಗ್ಲಿಗೆ ಬೆನ್ನು ಕೊಟ್ಟು ಕುಂದರ್ತಾನ. ಹುಲಿಗೆಮ್ಮಗ ಹರಕಿ ಹೊತ್ತು ಒಂದು ತಿಂಗ್ಳು ಮುಟ್ಟಿರ್ಲಿಲ್ಲ, ಆಗ್ಲೂ ದನಿ ಕೇಳ್ತಿದ್ವು. ಮಾನಸಿಕ ಡಾಕ್ಟ್ರು ಮೊದ್ಲು ಕುಡಿತ ಬಿಡಿಸ್ಕೊಂಡು ಬರ್ರಿ ಅಂದ್ರು, ಕುಡಿತ ಬಿಡಿಸೋ ಸೆಂಟರ್‌ನೋರು ಇವ್ನ ತಲಿ ಸರಿ ಇಲ್ಲ ಅಂತ ವಾಪಸ್ ಕಳಿಸಿದ್ರು. ಪ್ರೊಬೇಷನ್ ಆಫೀಸರ್‌ಗೆ ಹೇಳಿದ್ರ ಜೈಲಿಗೆ ಹಾಕ್ತಾರೇನೋ ಅಂತ ಭಯ. ಏನ್ ಮಾಡ್ಲಿ?

ಉತ್ತರ: ಅಕ್ಕಾರೆ, ಆ ಎರಡೂ ಕಡೆಯವ್ರು ನಿಮ್ಮನ್ನ ಹಂಗೆ ವಾಪಸ್ ಕಳಿಸ್ಬಾರ್ದಿತ್ತು. ಇದನ್ನ ಒಂದು ಮುಗಿಸಿ ಆಮೇಲೆ ಇನ್ನೊಂದು ಅಂತ ನೋಡೋಕಾಗಲ್ಲ, ಎರಡಕ್ಕೂ ಒಟ್ಟಿಗೆ, ಆದಷ್ಟು ಒಂದೇ ಡಾಕ್ಟ್ರ ಕೈಲಿ ಟ್ರೀಟ್‌ಮೆಂಟ್ ಆಗ್ಬೇಕು. ದನಿ ತಡ್ಕೊಳ್ಳಕ್ಕಾಗ್ದೆ, ನಿದ್ದೆ ಬರ್ಲಿ ಅಂತ ಕುಡೀತಾರೆ, ಕುಡಿದ್ಮೇಲೆ ಮಾತ್ರೆ ಬಿಡ್ತಾರೆ, ಮಾತ್ರೆ ಬಿಟ್ರೆ ದನಿ ಇನ್ನೂ ಜಾಸ್ತಿ. ಒಂದಕ್ಕೆ ಮಾತ್ರ ಔಷಧ ಕೊಟ್ರೆ ಇನ್ನೊಂದು ಮತ್ತೆ ಎಳ್ಕೊಂಡು ಬರುತ್ತೆ.

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಹುಲಿಗೆಮ್ಮನ ಹರಕೆ ತಿಂಗಳದ್ದು. ಕುಡಿದಾಗ ಅಥವಾ ಬಿಟ್ಟ ಮೊದಲ ದಿನಗಳಲ್ಲಿ ಮಾತ್ರ ದನಿ ಕೇಳಿದ್ರೆ ಅದು ಬಹುಶಃ ಹೆಂಡದ್ದೇ ಕೆಲಸ. ತಿಂಗಳು ಪೂರ್ತಿ ಮುಟ್ಟದೇ ಇದ್ದಾಗ್ಲೂ ಕೇಳಿದೆ ಅಂದ್ರೆ ಬೇರೆ ಕಾಯಿಲೆನೂ ಇರೋ ಸಾಧ್ಯತೆ ಜಾಸ್ತಿ. ಡಾಕ್ಟ್ರ ಮುಂದೆ ಕೂತ ತಕ್ಷಣ ಇದನ್ನೇ ಮೊದ್ಲು ಹೇಳಿ. ಒಂದು ನೋಟ್‌ಬುಕ್ ಇಡಿ, ಯಾವತ್ತು ಕುಡಿದ, ಯಾವತ್ತು ದನಿ ಬಂತು, ಎಷ್ಟು ನಿದ್ದೆ ಮಾಡ್ದ, ಮಾತ್ರೆ ನುಂಗಿದ್ನಾ, ಅಷ್ಟು ಬರೆದ್ರೆ ಸಾಕು.

ಮನೇಲಿ ಕೂಡಿ ಹಾಕಿ ಒಂದೇ ಸಲ ಬಿಡಿಸೋಕೆ ಮಾತ್ರ ಹೋಗ್ಬೇಡಿ. ದಿನಾ ಕುಡಿಯೋರು ದಿಢೀರ್ ಬಿಟ್ರೆ ಕೆಲವು ಗಂಟೆಲೇ ಕೈ ನಡುಕ ಶುರು ಆಗುತ್ತೆ, ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಮೈಮೇಲೆ ಪ್ರಜ್ಞೆ ತಪ್ಪಿ ಜೀವಕ್ಕೇ ಅಪಾಯ ಆಗ್ಬಹುದು, ಆಸ್ಪತ್ರೆಲೇ ಬಿಡಿಸ್ಬೇಕು. ಇನ್ನೊಂದು, ನೆಂಟರು ಯಾರಾದ್ರೂ ಕುಡಿತ ಬಿಡಿಸೋ ಪುಡಿ ಕೊಟ್ಟು ಸಾರಿನಲ್ಲಿ ಕಲಸು ಅಂದ್ರೆ ದಯವಿಟ್ಟು ಬೇಡ. ಅದ್ರಲ್ಲಿ ಡೈಸಲ್ಫಿರಾಮ್ ಅನ್ನೋ ಕುಡಿತ ಬಿಡಿಸೋ ಔಷಧ ಇದ್ರೆ ಅದರ ಮೇಲೆ ಕುಡಿದಾಗ ಬಿಪಿ ಬಿದ್ದು ಹೋಗುತ್ತೆ, ಭ್ರಮೆ ಇರೋರಿಗೆ ಅದು ಭ್ರಮೆನೂ ಕೆಣಕಬಹುದು.

ಪ್ರೊಬೇಷನ್ ಆಫೀಸರ್‌ಗೆ ನೀವೇ ಹೋಗಿ ಹೇಳಿ, ಬೇರೆಯವ್ರು ಹೇಳೋ ಮುಂಚೆ. 1958ರ ಪ್ರೊಬೇಷನ್ ಕಾಯ್ದೆ ಪ್ರಕಾರ ಅವರ ಕೆಲಸ ಬರೀ ಕಾವಲು ಅಲ್ಲ, ಸಲಹೆ ಸಹಾಯ ಮಾಡೋದೂ ಅವರದ್ದೇ. ಕಂಡೀಷನ್ ಮುರಿದ್ರೆ ಕೋರ್ಟ್ ಶಿಕ್ಷೆ ಕೊಡಬಹುದು, ಅದು ನಿಜ, ಆದ್ರೆ ಮೊದಲ ಸಲ ಆದ್ರೆ ಬಾಂಡ್ ಹಂಗೇ ಇಟ್ಟು 50 ರೂಪಾಯಿವರೆಗೆ ದಂಡ ಹಾಕಿ ಬಿಡೋ ಅವಕಾಶನೂ 9ನೇ ಸೆಕ್ಷನ್‌ನಲ್ಲೇ ಇದೆ. 8ನೇ ಸೆಕ್ಷನ್‌ನಲ್ಲಿ ಆಫೀಸರ್ ಅರ್ಜಿ ಹಾಕಿದ್ರೆ ಕೋರ್ಟ್ ಬಾಂಡ್ ಕಂಡೀಷನ್ ಬದಲಾಯಿಸಬಹುದು. ಅಂದ್ರೆ ಬರೀ ಕುಡೀಬೇಡ ಅಂತ ಅಷ್ಟೇ ಅಲ್ಲ, ಇಂಥ ಆಸ್ಪತ್ರೆಲಿ ಎರಡಕ್ಕೂ ಟ್ರೀಟ್‌ಮೆಂಟ್ ತಗೋಬೇಕು ಅಂತ ಸೇರಿಸಿ ಅಂತ ಕೇಳಬಹುದು. ಡಾಕ್ಟ್ರ ಚೀಟಿ, ನೋಟ್‌ಬುಕ್ ತಗೊಂಡು ಹೋಗಿ, ವಕೀಲರನ್ನೂ ಒಂದ್ಮಾತು ಕೇಳ್ಕೊಳ್ಳಿ. ಕಾಯಿಲೆ ಇರೋ ಹುಡುಗನಿಗೆ ಬರೀ ಕುಡೀಬೇಡ ಅಂತ ಬರೆದು ಕೈಬಿಟ್ರೆ ಅವನು ಸೋಲೋದು ಗ್ಯಾರಂಟಿ, ನನಗೆ ಸಿಟ್ಟು ಬರೋದೇ ಇದಕ್ಕೆ.

ಕೊಪ್ಪಳ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರ್ಕೊಂಡು ಹೋಗಿ. ಮತ್ತೆ ಯಾರಾದ್ರೂ ಕುಡಿತ ನಮ್ಮ ಕೆಲಸ ಅಲ್ಲ ಅಂದ್ರೆ, ಕುಡಿತದಿಂದ ಬರೋ ಮಾನಸಿಕ ತೊಂದರೆನೂ 2017ರ ಮಾನಸಿಕ ಆರೋಗ್ಯ ಕಾಯ್ದೆ ಒಳಗೇ ಬರುತ್ತೆ ಅಂತ ಧೈರ್ಯವಾಗಿ ಹೇಳಿ. 1985ರಲ್ಲೇ ಪಕ್ಕದ ಬಳ್ಳಾರಿಲಿ ನಿಮ್ಹಾನ್ಸ್‌ನವ್ರು ಹಳ್ಳಿ ಆರೋಗ್ಯ ಕೇಂದ್ರದವರೆಗೆ ಮಾನಸಿಕ ಚಿಕಿತ್ಸೆ ತಂದು ತೋರ್ಸಿದ್ರು, ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ ಆಯ್ತು. ನಮ್ಮ ಭಾಗದವ್ರು ಇದನ್ನ ಹಕ್ಕಿನಿಂದ ಕೇಳ್ಬೇಕು.

ದನಿ ಅವನಿಗೆ ಸಾಯಿ ಅಂತಲೋ ಹೊಡಿ ಅಂತಲೋ ಹೇಳ್ತಿದ್ರೆ ಓಪಿಡಿ ದಿನ ಕಾಯ್ಬೇಡಿ, ಅವತ್ತೇ ರಾತ್ರಿ ಎಮರ್ಜೆನ್ಸಿಗೆ ಹೋಗಿ. ದಾರೀಲಿ ಏನು ಮಾಡ್ಬೇಕು ಗೊತ್ತಾಗ್ಲಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಸಹಾಯವಾಣಿ ಟೆಲಿ ಮಾನಸ್ 14416ಗೆ ಫೋನ್ ಮಾಡಿ, ಯಾವ ಹೊತ್ತಲ್ಲಾದ್ರೂ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡೋದು ಬೇಡ.